ಹನ್ನೊಂದು ಮಾಳಿಗಿಗೆ ಎರಡು ದಾರಿ

2025ರ ನವೆಂಬರ್ 18, ಮಂಗಳವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಗದಗದ ಬೆಟಗೇರಿ ಕಡೆಯ ಠಾಣೆಗೆ ಬಂದ ಹೊನ್ನೇಶ ಕುರ್ಚಿಯ ಮೇಲೆ ಕೂಡುವ ಮೊದಲೇ ಆರೋಪಿಯ ಹೆಸರು ಹೇಳಿಬಿಟ್ಟ. ಹೆಡ್ ಕಾನ್‌ಸ್ಟೇಬಲ್ ಅನ್ನವ್ವನಿಗೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದು ಸಂಗತಿ ಖಾತ್ರಿಯಾಗಿತ್ತು. ಏನಾಯಿತು ಅನ್ನುವುದಕ್ಕಿಂತ ಮುಂಚೆ ಯಾರು ಮಾಡಿದರು ಅಂತ ಹೇಳುವವರ ಮಾತನ್ನು ಸ್ವಲ್ಪ ಸಾವಕಾಶವಾಗಿ ಕೇಳಬೇಕು.

"ಕುಂಡ್ರಿ, ನೀರು ಕುಡೀರಿ. ಮೊದಲಿಂದ ಹೇಳ್ರಿ," ಅಂದಳು.

ಹೊನ್ನೇಶ ಮುಳಗುಂದ ರಸ್ತೆಯ ಹೊಸ ಆಸ್ಪತ್ರೆಯಲ್ಲಿ ಕೇಬಲ್ ಎಳೆಯುವ ಗುತ್ತಿಗೆ ಹಿಡಿದವನು. ಆ ಆಸ್ಪತ್ರೆಗೆ ಒಂದು ದೊಡ್ಡ ಹೆಸರೇನೋ ಇಟ್ಟಿದ್ದರು. ಊರಿನವರು ಅದನ್ನು ಬದಿಗಿಟ್ಟು 'ಹನ್ನೊಂದು ಮಾಳಿಗಿ ದವಾಖಾನಿ' ಅಂತಲೇ ಕರೆಯುತ್ತಿದ್ದರು. ಕೋಟುಮಚಗಿಯಿಂದ ಬಸ್ಸಿನಲ್ಲಿ ಬರುವವರು ಕಿಟಕಿಯಿಂದ ಬೊಟ್ಟು ಮಾಡಿ, "ನೋಡಲೇ, ನಮ್ಮದು!" ಅನ್ನುತ್ತಿದ್ದರು. ಅದರಲ್ಲಿ ಒಂದು ಇಟ್ಟಿಗೆಯೂ ಅವರದಲ್ಲ, ಆ ಮಾತು ಬೇರೆ. ಶುಕ್ರವಾರ 21ಕ್ಕೆ ಉದ್ಘಾಟನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಚಿಕ್ಕ ದವಾಖಾನೆಗಳಲ್ಲಿ ತೆಗೆದ ಎಕ್ಸರೇಯನ್ನು ಇಲ್ಲಿಯ ಡಾಕ್ಟರು ಕೂತಲ್ಲೇ ನೋಡುವ ಏರ್ಪಾಡೂ ಆಗಿತ್ತು.

ಹೊನ್ನೇಶನ ದೂರು ಇಷ್ಟು. ಸೋಮವಾರ ಮಧ್ಯಾಹ್ನ ಯಾರೋ ಎರಡು ಮುಖ್ಯ ಫೈಬರ್ ಕೇಬಲ್‌ಗಳನ್ನು ಕೊಯ್ದಿದ್ದಾರೆ. ಹನ್ನೊಂದೂ ಮಹಡಿಯ ಕಂಪ್ಯೂಟರ್, ಫೋನು, ಕ್ಯಾಮೆರಾ ಎಲ್ಲ ಒಮ್ಮೆಲೇ ಸತ್ತಿವೆ. ಕೊಯ್ದವಳು ನೆಟ್‌ವರ್ಕಿನ ನಕ್ಷೆ ಹಾಕಿದ ಎಂಜಿನಿಯರ್ ವಿದ್ಯಾಶ್ರೀ.

"ಆಕೀನ ಅಂತ ಹೆಂಗ ಹೇಳ್ತೀರಿ?"

"ಹೋದ ವಾರ ಮೀಟಿಂಗಿನ್ಯಾಗ ಎಲ್ಲಾರ ಎದುರಿಗೆ ಅಂದಾಳ್ರಿ, 'ಒಂದು ಕೇಬಲ್ ಕೊಯ್ದು ನೋಡ್ರಿ' ಅಂತ. ಪೂರ್ವದ ಡಕ್ಟಿನ್ಯಾಗ ಒಂದು ಕೊಯ್ದಾರ, ಪಶ್ಚಿಮದ ಡಕ್ಟಿನ್ಯಾಗ ಒಂದು. ಎರಡೂ ದಾರಿ ಗೊತ್ತಿದ್ದಾಕಿ ಆಕಿ ಒಬ್ಬಾಕೀನ."

"ನಿನ್ನೆ ಮಧ್ಯಾಹ್ನದ ಮಾತು ಇವತ್ತ್ಯಾಕ ಹೇಳ್ತೀರಿ?"

"ರಿಪೇರಿ ಆಗ್ತೈತೇನೋ ಅಂತ ನೋಡಿದ್ವಿರಿ," ಅಂದ ಹೊನ್ನೇಶ, ಗೋಡೆಯ ಕ್ಯಾಲೆಂಡರ್ ನೋಡುತ್ತ.

10.50ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೊತ್ತಿಗೆ ಹಾನಿ ಮಾಡಿದ್ದಕ್ಕೆ ಹಾಕುವ ಕಲಂ 324ರ ಕೆಳಗೆ ಎಫ್‌ಐಆರ್ ದಾಖಲಾಯಿತು. ವಿದ್ಯಾಶ್ರೀ ಅನ್ನುವ ಹೆಸರು ಬರೆಯುವಾಗ ಅನ್ನವ್ವನ ಪೆನ್ನು ಒಂದು ಗಳಿಗೆ ನಿಂತಿತು. ಬೆಟಗೇರಿಯ ನೇಕಾರ ಓಣಿಯಲ್ಲಿ ಅವಳ ತವರುಮನೆಯಿಂದ ಆರನೇ ಬಾಗಿಲಿನ ಹುಡುಗಿ. ಪಾಲಿಟೆಕ್ನಿಕ್ ಓದಿ, ಎತ್ತರದ ಕಟ್ಟಡಕ್ಕೆ ನೆಟ್‌ವರ್ಕ್ ಹಾಕಿದಳು ಅಂದಾಗ ಓಣಿಗೆಲ್ಲ ಪೇಢೆ ಹಂಚಿದ್ದರು. ಅನ್ನವ್ವನೂ ತಿಂದಿದ್ದಳು. ಹೇಳದೆ ಇಟ್ಟುಕೊಂಡರೆ ನಾಳೆ ತೊಡಕಾಗುತ್ತದೆ ಅಂತ ನೆಟ್ಟಗೆ ಒಳಗೆ ಹೋಗಿ ಇನ್‌ಸ್ಪೆಕ್ಟರ್ ಗವಿಸಿದ್ದಪ್ಪನಿಗೆ ಹೇಳಿದಳು.

"ಬೀಗರೇನು?" ಅಂತ ಕೇಳಿದ ಅವನು.

"ಅಲ್ರಿ ಸಾಹೇಬ್ರ. ಬರೇ ಓಣಿಯಾಕಿ."

"ಹಂಗಾರ ನೀವೂ ಬರ್ರಿ. ಓಣಿ ಮಂದಿ ಕಣ್ಣು ಬೇಕಾಗ್ತೈತಿ."

12.10ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಕಾನ್‌ಸ್ಟೇಬಲ್ ಸಮೀವುಲ್ಲಾ ಫೋಟೋ ತೆಗೆದ. ಡಕ್ಟ್ ಅಂದರೆ ಕೆಳಗಿನಿಂದ ಮೇಲಿನವರೆಗೆ ಕೇಬಲ್ಲು ಹೋಗಲು ಗೋಡೆಯೊಳಗೆ ಬಿಟ್ಟ ಬಾವಿಯಂಥ ಜಾಗ. ಕಟ್ಟಡದ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಪೂರ್ವದ ಡಕ್ಟಿನ ಬಾಗಿಲು ತೆಗೆದರೆ, ನೆಲದಿಂದ ಎದೆಮಟ್ಟದಲ್ಲಿ ಬೆರಳು ಗಾತ್ರದ ಕಪ್ಪು ಕೇಬಲ್ ಕೊಯ್ದಿತ್ತು. ಕೊಯ್ದ ಎರಡೂ ತುದಿಗೆ ಬಿಳಿ ಅರಿವೆ ಸುತ್ತಿ, ನೂಲಿನಿಂದ ಕಟ್ಟಿದ್ದರು.

"ಯಾ ಅಲ್ಲಾ, ಎಂಥಾ ಕಳ್ಳರಿ ಇವ!" ಅಂದ ಸಮೀವುಲ್ಲಾ. "ಕೊಯ್ದು ಬ್ಯಾಂಡೇಜ್ ಕಟ್ಟಿ ಹೋಗ್ಯಾನ."

ಪಶ್ಚಿಮದ ಡಕ್ಟಿನಲ್ಲೂ ಅಂಥದೇ ಕೇಬಲ್, ಅಂಥದೇ ಅರಿವೆ, ಅಂಥದೇ ಗಂಟು. ಕೇಬಲ್ಲಿಗೆ ಕಟ್ಟಿದ ಚೀಟಿಯಲ್ಲಿ 'ಪಶ್ಚಿಮ' ಅಂತ ಗುಂಡಗೆ ಬರೆದಿತ್ತು. ಅನ್ನವ್ವ ಆ ಗಂಟನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದಳು. ಎಲ್ಲೋ ಕಂಡ ಗಂಟು ಅನ್ನಿಸಿತು. ಆದರೆ ಪಂಚನಾಮೆಯಲ್ಲಿ ಅನ್ನಿಸಿದ್ದನ್ನು ಬರೆಯಲು ಬರುವುದಿಲ್ಲವಲ್ಲ. 'ಹತ್ತಿ ನೂಲಿನ ಗಂಟು, ನಾಲ್ಕು' ಅಂತ ಬರೆದಳು.

ವಿದ್ಯಾಶ್ರೀ ನೆಲಮಹಡಿಯ ಸರ್ವರ್ ಕೋಣೆಯಲ್ಲಿದ್ದಳು. ಇಪ್ಪತ್ತೊಂಬತ್ತರ ಹುಡುಗಿ, ಕೆಂಪಗಾದ ಕಣ್ಣು, ಆದರೆ ಬೆನ್ನು ಬಾಗಿರಲಿಲ್ಲ.

"ನಿನ್ನೆ ಒಂದು ಗಂಟೆಯಿಂದ ಎರಡರ ತನಕ ಎಲ್ಲಿದ್ದಿ?" ಇನ್‌ಸ್ಪೆಕ್ಟರ್ ಕೇಳಿದ.

"ಇಲ್ಲೇ ಇದ್ದೆರಿ ಸರ್. ಒಬ್ಬಾಕೀನ."

"ಕೊಯ್ದು ನೋಡ್ರಿ ಅಂದದ್ದು ಖರೇನೋ?"

"ಖರೇನರಿ. ನನ್ನ ನಕ್ಷಿಯ ಕಡೀ ಹಾಳಿಯೊಳಗೂ ಬರದೀನಿ."

ಅವಳು ನಕ್ಷೆ ತಂದು ಹರಡಿದಳು. ಸೀರೆಯ ಅಂಚಿನ ವಿನ್ಯಾಸ ತೆಗೆಯುವ ಚೌಕಳಿ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಹಾಕಿದ ಮೊದಲ ಪ್ರತಿ ಅದು. ಹನ್ನೊಂದು ಅಡ್ಡಗೆರೆ, ಎರಡು ಉದ್ದಗೆರೆ. ಅನ್ನವ್ವ ನೋಡುತ್ತಲೇ ನಿಂತಳು. ಅವಳ ಅವ್ವ ಗುಬ್ಬಚ್ಚಿ ಅಂಚನ್ನು ಇಂಥದೇ ಹಾಳೆಯ ಮೇಲೆ ಎಣಿಸಿ ಎಣಿಸಿ ತುಂಬುತ್ತಿದ್ದಳು.

"ಸ್ವಿಚ್ ಅಂದ್ರ ದೀಪಾ ಹಚ್ಚೂ ಸ್ವಿಚ್ ಅಲ್ರಿ," ಅಂದಳು ವಿದ್ಯಾಶ್ರೀ. "ಒಂದು ಮಾಳಿಗಿಯೊಳಗಿನ ಎಲ್ಲಾ ಕಂಪ್ಯೂಟರ್, ಫೋನಿನ ವೈರು ಬಂದು ಕೂಡೂ ಪೆಟಗಿ. ಮಾಳಿಗಿಗೊಂದು ಹನ್ನೊಂದು. ಕೆಳಗ ಇಲ್ಲಿ ಎರಡು ದೊಡ್ಡವು. ಪ್ರತಿ ಮಾಳಿಗಿಯಿಂದ ಕೆಳಗ ಬರಾಕ ಎರಡು ದಾರಿ. ಒಂದು ಪೂರ್ವದ ಡಕ್ಟಿನ್ಯಾಗ, ಇನ್ನೊಂದು ಪಶ್ಚಿಮದಾಗ. ಒಂದು ಕಡೆ ಬೆಂಕಿ ಬೀಳ್ಲಿ, ಇಲಿ ಕಡೀಲಿ, ಇನ್ನೊಂದು ದಾರಿ ಕಣ್ಣು ಪಿಳಕಿಸೂದ್ರಾಗ ಕೆಲಸಾ ಹಿಡೀಬೇಕು. ಎಂಟನೇ ಮಾಳಿಗಿಯೊಳಗ ಐಸಿಯು ವಾರ್ಡ್ ಐತ್ರಿ. ಅಲ್ಲೆ ಪೇಶೆಂಟಿನ ಎದಿಬಡಿತ ಪರದೆ ಮ್ಯಾಲ ಬರ್ತೈತಿ. ಅದು ನಿಂತ್ರ ಹೆಂಗ? ಅದಕ್ಕ ಒಂದು ಕೇಬಲ್ ಬಿಚ್ಚಿ ಪರೀಕ್ಷಾ ಮಾಡೂಣು ಅಂದೆ. ಟೈಮ್ ಇಲ್ಲ ಅಂದ್ರು."

"ಈಗ ಎರಡೂ ಕೊಯ್ದಾವ. ನಿನ್ನ ಹೆಸರು ಎಫ್‌ಐಆರಿನ್ಯಾಗ ಐತಿ."

"ನಕ್ಷಿ ಕೆಳಗೂ ನನ್ನ ಹೆಸರು ಐತ್ರಿ ಸರ್," ಅಂದಳು ಅವಳು. "ನಾನು ಕೊಯ್ದಿಲ್ಲ. ಯಾವಾಗ ಕೊಯ್ದಾರ ಅಂಬೂದು ಮಾತ್ರ ತೋರಸ್ತೀನಿ."

ದೊಡ್ಡ ಸ್ವಿಚ್ಚುಗಳು ತಮ್ಮ ದಿನಚರಿಯನ್ನು ತಾವೇ ಬರೆದುಕೊಳ್ಳುತ್ತವಂತೆ. ಲ್ಯಾಪ್‌ಟಾಪಿನಲ್ಲಿ ಸಾಲುಸಾಲಾಗಿ ಬಂತು. ಪೂರ್ವದ ದಾರಿ ಸತ್ತದ್ದು ಮಧ್ಯಾಹ್ನ 1 ಗಂಟೆ 42 ನಿಮಿಷ 7 ಸೆಕೆಂಡಿಗೆ. ಪಶ್ಚಿಮದ್ದು 1 ಗಂಟೆ 42 ನಿಮಿಷ 19 ಸೆಕೆಂಡಿಗೆ. ಅಲ್ಲಿಂದ ಮುಂದೆ ಕ್ಯಾಮೆರಾಗಳೂ ಕುರುಡು.

ಗವಿಸಿದ್ದಪ್ಪ ಪೂರ್ವದ ಡಕ್ಟಿಗೆ ಹೋಗಿ ನಿಂತು ಮೊಬೈಲಿನಲ್ಲಿ ಗಡಿಯಾರ ಒತ್ತಿದ. "ಅನ್ನವ್ವಾರ, ಪಶ್ಚಿಮದ ಡಕ್ಟಿಗೆ ನಡೀರಿ. ಕೈಯಾಗ ಕತ್ರಿ ಐತಿ ಅಂತ ತಿಳ್ಕೊಂಡು ಜಲ್ದಿ ನಡೀರಿ."

ಅವಳು ಓಡಿದಳು ಅನ್ನಬೇಕು. ನೋಂದಣಿ ಕೌಂಟರ್ ದಾಟಿ, ಎರಡು ಬಾಗಿಲು ತಳ್ಳಿ, ಎಕ್ಸರೇ ಕೋಣೆ ಸುತ್ತಿ ಹೋಗಿ ಮುಟ್ಟಿದಾಗ ಒಂದು ನಿಮಿಷ ಐವತ್ತು ಸೆಕೆಂಡು ಆಗಿತ್ತು. ಏದುಸಿರು ಬೇರೆ.

"ಹನ್ನೆರಡು ಸೆಕೆಂಡಿನ್ಯಾಗ ಒಬ್ಬನ ಕೈಯಿಂದ ಆಗೂದಲ್ಲ. ಇಬ್ಬರು ಅದಾರ," ಅಂದ ಸಮೀವುಲ್ಲಾ.

"ಗಂಟು ಒಬ್ಬಂದ," ಅಂದಳು ಅನ್ನವ್ವ, ಉಸಿರು ಹಿಡಿದು. "ನಾಲ್ಕೂ ಗಂಟು ಒಂದ ಕೈಯಿನವು ಸಾಹೇಬ್ರ. ಒಬ್ಬನ, ಒಂದ ಜಾಗಾದಾಗ ನಿಂತು ಕೊಯ್ದಾನ."

"ಒಂದ ಜಾಗಾದಾಗ ಎರಡೂ ಕೇಬಲ್ ಹೆಂಗ ಬರ್ತಾವ?"

ಹತ್ತಿ ನೋಡುವುದೊಂದೇ ಉಳಿದಿತ್ತು. ಲಿಫ್ಟು ನಿಂತಿತ್ತು. ಮೆಟ್ಟಿಲ ಮೇಲೆ ಸಮೀವುಲ್ಲಾ ಮುಂದೆ, ಅನ್ನವ್ವ ಹಿಂದೆ. ಮಹಡಿಗೊಂದು ಡಕ್ಟಿನ ಬಾಗಿಲು ತೆಗೆಯುತ್ತ ಹೋದರು. ಪಶ್ಚಿಮದ ಕೇಬಲ್ ಮೂರನೇ ಮಹಡಿಯಲ್ಲಿ ಒಂದು ಪೈಪಿಗೆ ತಂತಿಯಿಂದ ಬಿಗಿದು ಅಲ್ಲಿಗೇ ಮುಗಿದಿತ್ತು. ಆರನೇ ಮಹಡಿಯ ನೆಲಕ್ಕೆ ಕೇಬಲ್ ಹಾಯುವ ತೂತನ್ನೇ ಕೊರೆದಿರಲಿಲ್ಲ. ಸಿಮೆಂಟು ಅಖಂಡವಾಗಿ ಹಾಗೆಯೇ ಇತ್ತು. ಏಳರಿಂದ ಹನ್ನೊಂದರ ತನಕ ಪಶ್ಚಿಮದ ಡಕ್ಟಿನಲ್ಲಿ ಜೇಡರ ಬಲೆ ಬಿಟ್ಟರೆ ಮತ್ತೇನೂ ಇಲ್ಲ. ಪೂರ್ವದ ಡಕ್ಟಿನಲ್ಲಿ ಮೂರನೇ ಮಹಡಿಯಿಂದ ಮೇಲೆ ಒಂದಲ್ಲ, ಎರಡು ಕೇಬಲ್. ಅವುಗಳಲ್ಲಿ ಒಂದರ ತುದಿ ಮೊಂಡಾಗಿ ಕಡಿದು ಜೋತುಬಿದ್ದಿತ್ತು.

"ಈ ತುದಿಗೆ ಅರಿವಿ ಇಲ್ಲ, ಗಂಟೂ ಇಲ್ಲ," ಅಂದಳು ಅನ್ನವ್ವ. "ಇದನ್ನ ಕಡದಾಂವ ಬ್ಯಾರೆ."

ಸಂಜೆ 5ಕ್ಕೆ ಗವಿಸಿದ್ದಪ್ಪ ಹೊನ್ನೇಶನನ್ನು ಠಾಣೆಗೆ ಕರೆಸಿದ.

"ಪಶ್ಚಿಮದ ಕೇಬಲ್ ಯಾವ ಡಕ್ಟಿನ್ಯಾಗ ಎಳದಿರಿ?"

"ಪಶ್ಚಿಮದಾಗರಿ."

"ಆರನೇ ಮಾಳಿಗಿಗೆ ತೂತು ಎಲ್ಲೈತಿ?"

ಹೊನ್ನೇಶ ಮತ್ತೆ ಗೋಡೆಯ ಕ್ಯಾಲೆಂಡರ್ ನೋಡಿದ.

"ಮೂರನೇ ಮಾಳಿಗಿಯೊಳಗ ಕೇಬಲ್ ಕಡದಾಂವ ಯಾರು?"

"ನಾನರಿ," ಅಂದ ಕೊನೆಗೆ. ತೂತು ಕೊರೆಯುವ ಯಂತ್ರ ಬರುವುದಕ್ಕೆ ಹದಿನೈದು ದಿನ ತಡವಿತ್ತು. ಉದ್ಘಾಟನೆಯ ತಾರೀಖು ಮುಂದೆ ಹೋಗುವಂತಿರಲಿಲ್ಲ. ಎರಡೂ ಕೇಬಲನ್ನು ಪೂರ್ವದ ಡಕ್ಟಿನಲ್ಲೇ ಎಳೆಸಿ, ಕೆಲಸದ ವರದಿಯಲ್ಲಿ ಮಾತ್ರ ಎರಡು ಕಡೆ ತೋರಿಸಿದ್ದ. ಸೋಮವಾರ ಎರಡೂ ಒಂದೇ ಕಡೆ ಕೊಯ್ದದ್ದು ಕಂಡಾಗ ಅವನ ಗುಟ್ಟು ಬಯಲಾಗುವ ಹಾಗಿತ್ತು. ಒಂದನ್ನು ಮೂರನೇ ಮಹಡಿಯಲ್ಲಿ ಕಡಿದು, ಕೆಳಗಿನ ಎರಡೂ ತುಂಡು ಬಿಡಿಸಿ ಒಯ್ದು ಪಶ್ಚಿಮದಲ್ಲಿ ನೇತುಹಾಕಿ, ಮಾರನೇ ದಿನ ಠಾಣೆಗೆ ಬಂದು ಹುಡುಗಿಯ ಹೆಸರು ಹೇಳಿದ್ದ. "ಆದ್ರ ಕೆಳಗ ಕೊಯ್ದಾಂವ ನಾನಲ್ರಿ, ನನ್ನ ಮಕ್ಕಳಾಣಿ!"

ಅವನ ಮೇಲೆ ಸಾಕ್ಷ್ಯ ತಿರುಚಿದ ಬಗ್ಗೆ ಬೇರೆ ಪ್ರಕರಣವಾಯಿತು. ಕೆಳಗೆ ಕೊಯ್ದವನು ತಾನಲ್ಲ ಅನ್ನುವ ಮಾತು ಮಾತ್ರ ಸುಳ್ಳಿರಲಿಲ್ಲ. ಹೊನ್ನೇಶನಂಥವನು ಕೊಯ್ದ ತುದಿಗೆ ಅರಿವೆ ಸುತ್ತುವ ಪೈಕಿ ಅಲ್ಲ.

ವಿದ್ಯಾಶ್ರೀ ಪಶ್ಚಿಮದ ಸುದ್ದಿ ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳು. ಬೆಳಗಿನಿಂದ ಹಿಡಿದಿಟ್ಟ ಅಳು ಈಗ ಬಂತು. "ಅಂದ್ರ ಶುಕ್ರವಾರದ ಮ್ಯಾಲ ಒಂದ ಇಲಿ ಸಾಕಿತ್ತಲ್ರಿ ಅಕ್ಕಾರ. ಪೇಶೆಂಟ್ ಇದ್ದಾಗ ಎಲ್ಲಾ ನಿಂತಿದ್ರ, ನನ್ನ ಹೆಸರು ಹೇಳಿ ಮಂದಿ ಏನಂತಿದ್ರು?"

ಅನ್ನವ್ವ ಅವಳ ಪಕ್ಕ ಕೂತು, ಮೊಬೈಲಿನಲ್ಲಿ ಗಂಟಿನ ಫೋಟೋ ತೋರಿಸಿದಳು. "ಈ ಗಂಟು ನೋಡಿದ್ದೇನವಾ?"

ಹುಡುಗಿ ನೋಡಿದಳು. ಒಂದೇ ಗಳಿಗೆ. "ಗೊತ್ತಿಲ್ರಿ," ಅಂತ ಮುಖ ಆಚೆ ತಿರುಗಿಸಿದಳು.

ಬೆಟಗೇರಿಯಲ್ಲಿ ಹುಟ್ಟಿದವಳು ಆ ಗಂಟು ಗೊತ್ತಿಲ್ಲ ಅಂದರೆ ನಂಬುವುದು ಹೇಗೆ? ಸೀರೆ ಮುಗಿದು ಮಗ್ಗದಿಂದ ಕೊಯ್ದು ಇಳಿಸಿದಾಗ, ಹಿಂದೆ ಉಳಿದ ಹಾಸಿನ ಉದ್ದ ಎಳೆಗಳನ್ನು ಹಾಗೇ ಬಿಡುವಂತಿಲ್ಲ. ಬಿಟ್ಟರೆ ಹಣಿಗೆಯಿಂದ ಜಾರಿ ಎಲ್ಲ ಕಲಸಿಹೋಗುತ್ತವೆ. ಹಿಡಿಹಿಡಿಯಾಗಿ ಕೂಡಿಸಿ, ಒಂದು ಜಗ್ಗಿಗೆ ಬಿಚ್ಚುವಂಥ ಗಂಟು ಹಾಕಿಡುತ್ತಾರೆ. ಆಮೇಲೆ ಅದೇ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೆಚ್ಚುತ್ತಾರೆ, ಅಂದರೆ ಬೆರಳಲ್ಲಿ ಹೊಸೆದು ಜೋಡಿಸುತ್ತಾರೆ. ಅನ್ನವ್ವ ಎಂಟನೇ ವಯಸ್ಸಿಗೆ ಆ ಗಂಟು ಕಲಿತಿದ್ದಳು. ಹಾಕಿದವನು ನೇಕಾರ. ಮತ್ತೆ ಜೋಡಿಸಬೇಕು ಅಂತ ಮನಸ್ಸಿನಲ್ಲಿಟ್ಟುಕೊಂಡೇ ಕೊಯ್ದವನು. ಕೈಗೆ ಹತ್ತಿದ ಚಾಳಿ ಅವನಿಗೆ ಗೊತ್ತಾಗದ ಹಾಗೆ ಅವನ ಹೆಸರು ಬರೆದು ಹೋಗಿತ್ತು.

ಗೇಟಿನ ಕಾವಲುಗಾರ ಉಸ್ಮಾನಸಾಬ ರಿಜಿಸ್ಟರ್ ತಂದ. ಸೋಮವಾರ ಊಟದ ಹೊತ್ತಿನಲ್ಲಿ ಒಳಗೆ ಬಂದವರು ಮೂವರು. ಒಬ್ಬ ಬಣ್ಣದವನು, ಒಬ್ಬ ಲಿಫ್ಟಿನವನು. ಮೂರನೆಯ ಹೆಸರು: 'ನಾರಾಯಣಪ್ಪ, ಬೆಟಗೇರಿ. ಫೈಬರ್ ಜಾಯಿಂಟ್ ಕೆಲಸ. ಒಳಗೆ 1.15, ಹೊರಗೆ 2.05.' ಅಕ್ಷರ ಗುಂಡಗೆ. 'ಪಶ್ಚಿಮ' ಅಂತ ಚೀಟಿ ಬರೆದ ಅಕ್ಷರವೇ ಇದು.

"ಭಾಳ ಒಳ್ಳೆ ಮನಷ್ಯಾರಿ," ಅಂದ ಉಸ್ಮಾನಸಾಬ. "ಹೋಗುವಾಗ ನನ್ನ ಕೈ ಹಿಡದು, 'ಸಾಬ, ಪೇಶೆಂಟ್ ಇನ್ನೂ ಒಬ್ಬರೂ ಬಂದಿಲ್ಲ ಹೌದಿಲ್ಲೊ' ಅಂತ ಎರಡು ಸಲ ಕೇಳಿದ. ಇವತ್ತ ಮುಂಡರಗಿ ಕೆಲಸಕ್ಕ ಹೋಗ್ಯಾನ. ನಾಳೆನೂ ಅಲ್ಲೇ."

ಬುಧವಾರ 19, ಬೆಳಿಗ್ಗೆ 11.25. ಮುಂಡರಗಿಯ ಚಿಕ್ಕ ದವಾಖಾನೆಯ ಹಿಂದಿನ ಕೋಣೆ. ನಾರಾಯಣಪ್ಪ ನೆಲದ ಮೇಲೆ ಚಾಪೆ ಹಾಸಿ ಕೂತಿದ್ದ. ಐವತ್ತೆಂಟು ವಯಸ್ಸು, ಮೂಗಿನ ತುದಿಯಲ್ಲಿ ಚಾಳೀಸಿನ ಕನ್ನಡಕ. ಕೂದಲಿಗಿಂತ ಸಣ್ಣ ಬಣ್ಣಬಣ್ಣದ ಎಳೆಗಳನ್ನು ಒಂದೊಂದಾಗಿ ಯಂತ್ರಕ್ಕೆ ಕೊಟ್ಟು ಜೋಡಿಸುತ್ತಿದ್ದ. ಖಾಕಿ ಕಂಡ ಮೇಲೂ ಕೈಯ ಕೆಲಸ ನಿಲ್ಲಿಸಲಿಲ್ಲ.

"ಬರ್ರಿ ಸಾಹೇಬ್ರ. ನಿಮ್ಮ ದಾರಿನ ನೋಡಾಕತ್ತಿದ್ನಿ. ಹನ್ನೆರಡು ಎಳಿ ಉಳದಾವ, ಮುಗಿಸಿ ಬರ್ಲೇನು? ನಡುವ ಬಿಟ್ರ ಧೂಳು ಕುಂಡ್ರತೈತಿ."

ಗವಿಸಿದ್ದಪ್ಪ ಅನ್ನವ್ವನ ಮುಖ ನೋಡಿದ. ಬಾಗಿಲಿಗೆ ಒಂದು ಸ್ಟೂಲು ಎಳೆದುಕೊಂಡು ಕೂತ. "ಮುಗಸ್ರಿ," ಅಂದ.

ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಯ ಎಳೆ ಜೋಡಿಸಿ, ಪೆಟ್ಟಿಗೆ ಮುಚ್ಚಿ, ನಾರಾಯಣಪ್ಪ ಎದ್ದು ನಿಂತ.

"ಗದಗದಾಗ ಕೇಬಲ್ ಕೊಯ್ದವರು ನೀವೇನು?"

"ಹೌದ್ರಿ."

"ಯಾರು ಹೇಳಿ ಮಾಡಿಸಿದ್ರು?"

"ಯಾರೂ ಇಲ್ರಿ. ಆ ಹುಡುಗಿಗೆ ಗೊತ್ತೂ ಇಲ್ಲ. ಮೊದಲ ಅದನ್ನ ಬರಕೋರಿ."

"ಯಾಕ ಕೊಯ್ದಿರಿ?"

ನಾರಾಯಣಪ್ಪ ಕನ್ನಡಕ ತೆಗೆದು ಒರೆಸಿದ. "ಹೊನ್ನೇಶಗ ಮೂರು ಸಲ ಹೇಳಿದೆ, ಎರಡೂ ಒಂದ ಡಕ್ಟಿನ್ಯಾಗ ಬ್ಯಾಡ ಅಂತ. 'ನೀ ಜಾಯಿಂಟ್ ಹೊಡಿ, ಶಾಣ್ಯಾತನ ಬ್ಯಾಡ' ಅಂದ. ಪಶ್ಚಿಮ ಅಂತ ಚೀಟಿ ಬರಿ ಅಂದ, ಬರದೆ. ಖರೆ ಹೇಳ್ತೀನಿ, ಆ ಚೀಟಿ ಬರದ ಮ್ಯಾಲ ನನಗ ಊಟಾ ಸೇರಲಿಲ್ಲ. ಈ ಕೆಲಸಕ್ಕ ಬರೂಕಿಂತ ಮೊದಲ ನಲವತ್ತು ವರ್ಷ ಮಗ್ಗದ ಕುಣ್ಯಾಗ ಕುಂತಾಂವ ನಾನು. ಸೀರಿಯೊಳಗ ತಪ್ಪು ಎಳಿ ಹೋಗಿದ್ದು ಕಂಡ್ರ ಅಲ್ಲೇ ಕೊಯ್ದು ಬಿಚ್ಚಿ ಮತ್ತ ನೇಯೂದು. ಮುಚ್ಚಿ ಗಿರಾಕಿಗೆ ಕೊಟ್ಟಾಂವ ಅಲ್ಲ. ಪೇಶೆಂಟ್ ಬರೂಕಿಂತ ಮೊದಲ ತಪ್ಪು ಕಾಣ್ಲಿ ಅಂತ ಎರಡೂ ಕೊಯ್ದೆ. ಒಂದ ಕಡೆ ನಿಂತು ಎರಡೂ ಕೊಯ್ದ್ರ ಯಾರಿಗರ ತಿಳೀತೈತಿ ಅನಕೊಂಡಿದ್ನಿ. ಅಂವ ಕೇಬಲ್ಲ ತೆಗದು ಆಚೆ ಕಡೆ ಕಟ್ಟಿ, ಹುಡುಗಿ ಹೆಸರು ಹೇಳ್ತಾನ ಅಂತ ಕನಸಿನ್ಯಾಗೂ ಇರಲಿಲ್ಲ. ಇವತ್ತ ಮುಂಜಾನೆ ಖಬರ ಬಂತು. ಈ ಕೆಲಸಾ ಮುಗಿಸಿ ನಾನ ಬರಾಂವ ಇದ್ದೆ."

11.58ಕ್ಕೆ ದಸ್ತಗಿರಿ ಎಂದು ದಾಖಲಾಯಿತು. ಬೇಡಿ ಹಾಕಲಿಲ್ಲ. ಜೀಪಿನಲ್ಲಿ ಅನ್ನವ್ವನ ಪಕ್ಕ ಕೂತ ನಾರಾಯಣಪ್ಪ, "ನೀ ಗಂಟು ನೋಡಿ ಗುರ್ತು ಹಿಡದೆಂತಲ್ಲ?" ಅಂತ ಕೇಳಿದ. ಅವಳು ಹೂಂ ಅಂದಳು. ಅವನು ಇಡೀ ದಾರಿಯಲ್ಲಿ ಅದೊಂದಕ್ಕೇ ನಕ್ಕದ್ದು. "ನಿಮ್ಮ ಅವ್ವನ ಕೈ ನನಗಿಂತ ಚಲೋ ಇತ್ತವಾ," ಅಂದ.

ಜಾಮೀನು ಸಿಗುವ ಕಲಂ ಆದ್ದರಿಂದ ಸಂಜೆ ಠಾಣೆಯಲ್ಲೇ ಬಿಡುಗಡೆಯಾಯಿತು. ಜಾಮೀನಿಗೆ ನಿಂತವನು ಉಸ್ಮಾನಸಾಬ. ವಿದ್ಯಾಶ್ರೀಯ ಹೆಸರನ್ನು ಆರೋಪಿಗಳ ಪಟ್ಟಿಯಿಂದ ಕೈಬಿಡುವ ವರದಿ ಅಂದೇ ನ್ಯಾಯಾಲಯಕ್ಕೆ ಹೋಯಿತು. ಪ್ರಕರಣದ ದಿನಚರಿಯಲ್ಲಿ ಕಾರಣ ಬರೆಯುವ ಜಾಗಕ್ಕೆ ಬಂದಾಗ ಅನ್ನವ್ವ ಬಹಳ ಹೊತ್ತು ಯೋಚಿಸಿದಳು. ದ್ವೇಷ ಅಂತ ಬರೆಯಲು ಬರುವುದಿಲ್ಲ, ದುರಾಸೆಯಂತೂ ಅಲ್ಲವೇ ಅಲ್ಲ. ಕೊನೆಗೆ, 'ತಾನು ಕೈಯಾರೆ ಕಟ್ಟಿದ ಸುಳ್ಳು ಚೀಟಿಯನ್ನು ಆರೋಪಿಯು ಸಹಿಸಲಾರದೆ' ಅಂತ ಬರೆದಳು. ಇನ್‌ಸ್ಪೆಕ್ಟರ್ ಓದಿ, ಒಂದು ಅಕ್ಷರವನ್ನೂ ತಿದ್ದದೆ ಸಹಿ ಮಾಡಿದ.

ಬುಧವಾರವೇ ಹುಬ್ಬಳ್ಳಿಯಿಂದ ಕೊರೆಯುವ ಯಂತ್ರ ಬಂತು. ಹದಿನೈದು ದಿನ ಸಿಗದ ಯಂತ್ರ ಹೇಗೆ ಬಂತು ಅಂತ ಕೇಳಬೇಡಿ. ಪೊಲೀಸು ಕಾಲಿಟ್ಟ ಮೇಲೆ ಎಷ್ಟೋ ವಸ್ತು ತಾವಾಗಿ ಸಿಗುತ್ತವೆ. ಗುರುವಾರ ಮಧ್ಯಾಹ್ನಕ್ಕೆ ಪಶ್ಚಿಮದ ಡಕ್ಟಿನಲ್ಲಿ ಹನ್ನೊಂದನೇ ಮಹಡಿಯಿಂದ ನೆಲದ ತನಕ ಹೊಸ ಕೇಬಲ್ ಇಳಿಯಿತು. ಪೂರ್ವದ ಕೊಯ್ದ ಕೇಬಲ್ಲನ್ನೂ ಜೋಡಿಸಬೇಕಿತ್ತು. ಅಷ್ಟು ಜಲ್ದಿ ಜೋಡಿಸುವ ಕೈ ಊರಲ್ಲಿ ಒಂದೇ ಇತ್ತು. ಆಸ್ಪತ್ರೆಯವರೇ ಬಂದು ಕೇಳಿದರು, ಪೊಲೀಸರು ಅಡ್ಡಿ ಇಲ್ಲ ಅಂದರು.

ವಿದ್ಯಾಶ್ರೀ ಟಾರ್ಚು ಹಿಡಿದಳು, ನಾರಾಯಣಪ್ಪ ಎಳೆ ಹಿಡಿದ.

"ಕಾಕಾ, ನನಗೊಂದು ಮಾತು ಹೇಳಬಾರದಿತ್ತ?"

"ಆ ಚೀಟಿ ನಾನ ಬರದಿದ್ನೆವ್ವಾ. ಯಾವ ಮಾರಿ ಇಟಗೊಂಡು ಹೇಳ್ಲಿ?"

ಕೆಲಸ ಮುಗಿದ ಮೇಲೆ ಅವನು ಅನ್ನವ್ವನ ಕಡೆ ತಿರುಗಿದ. "ಹಳೇ ಚೀಟಿ ನಿಮ್ಮ ಹತ್ರನ ಇರ್ಲಿ, ಕೋರ್ಟಿಗೆ ಬೇಕಾಗ್ತೈತಿ. ಪೆನ್ನು ಕೊಡ್ರಿ." ಹೊಸ ಚೀಟಿಯ ಮೇಲೆ ಗುಂಡಗೆ 'ಪಶ್ಚಿಮ' ಅಂತ ಬರೆದು, ಹೊಸ ಕೇಬಲ್ಲಿಗೆ ಕಟ್ಟಿದ. ಈ ಸಲ ಬಿಚ್ಚದ ಗಂಟು ಹಾಕಿದ.

ಸಂಜೆ 5.30. ವಿದ್ಯಾಶ್ರೀಯ ನಕ್ಷೆಯ ಕಡೆಯ ಹಾಳೆಯ ಪರೀಕ್ಷೆ. ಹನ್ನೊಂದನೇ ಮಹಡಿಯಲ್ಲಿ ಇನ್‌ಸ್ಪೆಕ್ಟರ್ ಗವಿಸಿದ್ದಪ್ಪ ದೊಡ್ಡ ಪರದೆಯ ಮುಂದೆ ನಿಂತಿದ್ದ. ಪರದೆಯ ಮೇಲೆ ಮುಂಡರಗಿಯ ಡಾಕ್ಟರು ಮಾತಾಡುತ್ತಿದ್ದರು. ಕೆಳಗೆ ಸರ್ವರ್ ಕೋಣೆಯಲ್ಲಿ ಪೂರ್ವದ ಕೇಬಲನ್ನು ಕೀಳುವ ಕೆಲಸವನ್ನು ಹುಡುಗಿ ಅನ್ನವ್ವನಿಗೆ ಕೊಟ್ಟಳು. "ನಿಮ್ಮ ಕೈಯಿಂದ ಆಗ್ಲಿ ಅಕ್ಕಾರ."

ಅನ್ನವ್ವ ಸೆರಗಿಲ್ಲದ ಖಾಕಿಯಲ್ಲೇ ಕೈ ಒರೆಸಿಕೊಂಡು, ಕೊಂಡಿ ಒತ್ತಿ ಕೇಬಲ್ ಜಗ್ಗಿದಳು. ದೊಡ್ಡ ಸ್ವಿಚ್ಚಿನ ಮೇಲೆ ಒಂದು ಸಾಲು ದೀಪ ಆರಿತು. ಪಕ್ಕದ ಸಾಲಿನಲ್ಲಿ ಹನ್ನೊಂದು ಹಸಿರು ದೀಪ ಉರಿಯುತ್ತಲೇ ಇದ್ದವು. ಅವಳು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ವಿದ್ಯಾಶ್ರೀ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ನಾರಾಯಣಪ್ಪ ಮೂಲೆಯಲ್ಲಿ ತನ್ನ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಅವನು ದೀಪದ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ನಿಮಿಷಕ್ಕೆ ಅನ್ನವ್ವನ ಮೊಬೈಲು ಹೊಡೆದುಕೊಂಡಿತು. ಹನ್ನೊಂದನೇ ಮಹಡಿಯಿಂದ ಇನ್‌ಸ್ಪೆಕ್ಟರ್.

"ಏನ್ರಿ ಅನ್ನವ್ವಾರ, ಎಷ್ಟೊತ್ತು ನಿಂದರ್ಲಿ? ಮುಂಡರಗಿ ಡಾಕ್ಟರ್ ಮಾತಾಡಾಕತ್ತಾರ, ಎಲ್ಲಾ ಹಂಗ ನಡದೈತಿ. ಕೇಬಲ್ ಯಾವಾಗ ಜಗ್ಗತೀರಿ?"

"ಜಗ್ಗಿ ಆತ್ರಿ ಸಾಹೇಬ್ರ," ಅಂದಳು ಅನ್ನವ್ವ. "ಆಗಲೇ ಜಗ್ಗೀನಿ."